ಪದಚರ್ಚೆ: ಸ್ಕ್ರೀನ್ ಬ್ರೈಟ್‌ನೆಸ್‌ಗೆ ‘ಹೊಳಪು’ ಸರಿಯೇ? ಆಂಬಿಯೆಂಟ್ ಲೈಟ್‌ಗೆ ಏನನ್ನಬೇಕು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಆಂಡ್ರಾಯ್ಡ್ ಟ್ಯಾಬ್ಲೆಟ್ ಒಂದರ ಸೆಟಿಂಗ್ಸ್ ಪುಟ ಕನ್ನಡಕ್ಕೆ ಬರುತ್ತಿದೆ. ಬ್ರೈಟ್‌ನೆಸ್‌ಗೆ ‘ಹೊಳಪು’, ಆಂಬಿಯೆಂಟ್ ಲೈಟ್ ಸೆನ್ಸರ್‌ಗೆ ‘ಹಿನ್ನೆಲೆ ಬೆಳಕಿನ ಸಂವೇದಕ’, ಅಡಾಪ್ಟಿವ್ ಬ್ರೈಟ್‌ನೆಸ್‌ಗೆ ‘ಸ್ವಯಂಚಾಲಿತ ಹೊಳಪು’ ಎಂದು ಕರಡಿನಲ್ಲಿದೆ. ‘ಪ್ರಖರತೆ’ಯೇ ಇರಲಿ ಎನ್ನುವವರೂ ಇದ್ದಾರೆ. ಬಲ್ಲವರು ತಿಳಿಸಿ.

ಉತ್ತರ 1

ಮೊದಲು ‘ಹಿನ್ನೆಲೆ ಬೆಳಕು’ ತೆಗೆದುಬಿಡಿ, ಅದು ತಪ್ಪು ಅರ್ಥ ಕೊಡುತ್ತದೆ. ಎಲ್‌ಸಿಡಿ ಪರದೆಯ ಹಿಂದೆ ಎಲ್‌ಇಡಿಗಳ ಬ್ಯಾಕ್‌ಲೈಟ್ ಇರುತ್ತದೆ. ‘ಹಿನ್ನೆಲೆ ಬೆಳಕು’ ಎಂದರೆ ಓದುಗರಿಗೆ ಅದೇ ನೆನಪಾಗುತ್ತದೆ. ಸೆನ್ಸರ್ ಅಳೆಯುವುದು ಅದನ್ನಲ್ಲ, ಹೊರಗಿನಿಂದ ಬಂದು ಪರದೆಯ ಮುಂಭಾಗಕ್ಕೆ ಬೀಳುವ ಬೆಳಕನ್ನು. ‘ಪರಿಸರ ಬೆಳಕು’ ಕೂಡ ಬೇಡ. ಪರಿಸರ ಎಂದೊಡನೆ ಗಿಡಮರಗಳ ಕಡೆ ಮನಸ್ಸು ಹೋಗುತ್ತದೆ. ‘ಸುತ್ತಲಿನ ಬೆಳಕು’ ಎಂದರೆ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಎರಡು ಬೇರೆ ಅಳತೆಗಳಿವೆ, ಪದಗಳೂ ಅವನ್ನು ಬೇರೆಯಾಗಿಯೇ ಇಡಬೇಕು. ಸೆನ್ಸರ್ ಮೇಲೆ ಬೀಳುವ ಬೆಳಕಿನ ಅಳತೆ ಲಕ್ಸ್‌ನಲ್ಲಿ. ರಾತ್ರಿ ದೀಪ ಹಾಕಿದ ಮನೆಯೊಳಗೆ 50ರಿಂದ 150, ಕಚೇರಿಯಲ್ಲಿ 300ರಿಂದ 500, ನಡುಮಧ್ಯಾಹ್ನದ ನೇರ ಬಿಸಿಲಲ್ಲಿ 1,00,000 ಲಕ್ಸ್‌ನ ಆಸುಪಾಸು. ಪರದೆ ಹೊಮ್ಮಿಸುವ ಬೆಳಕಿನ ಅಳತೆ ನಿಟ್‌ನಲ್ಲಿ, ಅಂದರೆ ಚದರ ಮೀಟರಿಗೆ ಒಂದು ಕ್ಯಾಂಡೆಲಾ. ಲಕ್ಸ್ ಇಷ್ಟಿದ್ದರೆ ನಿಟ್ ಎಷ್ಟಿರಬೇಕು ಎನ್ನುವ ಕೋಷ್ಟಕ ಸಾಧನದೊಳಗಿರುತ್ತದೆ. ಆಟೋ ಬ್ರೈಟ್‌ನೆಸ್‌ನ ತಿರುಳು ಅದೇ.

‘ಹೊಳಪು’ ನನಗೆ ಒಪ್ಪಿಗೆಯಿಲ್ಲ. ರೇಷ್ಮೆಗೆ, ಬೆಳಗಿದ ಹಿತ್ತಾಳೆಗೆ, ಪಾಲಿಶ್ ಹಾಕಿದ ಕಲ್ಲಿಗೆ ಹೊಳಪಿರುತ್ತದೆ. ಮೇಲೆ ಬಿದ್ದ ಬೆಳಕನ್ನು ಅವು ಮರಳಿಸುತ್ತವೆ. ಗ್ಲಾಸಿ ಪರದೆ, ಮ್ಯಾಟ್ ಪರದೆ ಎಂಬ ಭೇದ ಹೇಳುವಾಗ ‘ಹೊಳಪು’ ಅಲ್ಲಿಗೇ ಬೇಕಾಗುತ್ತದೆ. ‘ಪ್ರಖರತೆ’ ಅಷ್ಟು ಕೆಟ್ಟದ್ದಲ್ಲ. ಪ್ರಖರ ಬಿಸಿಲು ಎನ್ನುವಾಗಿನ ತೀಕ್ಷ್ಣತೆ ಅದರಲ್ಲಿದೆ, ಕತ್ತಲಲ್ಲಿ 2 ನಿಟ್‌ಗೆ ಇಳಿದ ಪರದೆಗೆ ಅದು ಒಗ್ಗುವುದಿಲ್ಲ ಎಂಬುದೊಂದೇ ತಕರಾರು. ಆದರೂ ಕುಳ್ಳನಿಗೂ ಎತ್ತರವೆಂಬುದು ಇರುತ್ತದಲ್ಲ, ಹಾಗೆ ಅಳತೆಯ ಹೆಸರಾಗಿ ಅದು ನಡೆದೀತು. ನನ್ನ ಆಯ್ಕೆ ‘ಪರದೆಯ ಬೆಳಕು’.

ಇನ್ನು ‘ಸ್ವಯಂಚಾಲಿತ’. ಹಳೆಯ ಆಟೋ ಬ್ರೈಟ್‌ನೆಸ್‌ಗೆ ಅದು ಸಾಕಾಗಿತ್ತು. 2018ರ ಆಂಡ್ರಾಯ್ಡ್ 9ರಿಂದೀಚೆಗೆ ಅಡಾಪ್ಟಿವ್ ಬ್ರೈಟ್‌ನೆಸ್ ಬಳಕೆದಾರರಿಂದ ಕಲಿಯುತ್ತದೆ: ಇಂಥ ಬೆಳಕಿನಲ್ಲಿ ನೀವು ಸ್ಲೈಡರ್ ಎಲ್ಲಿಗೆ ಎಳೆದಿರಿ ಎಂಬುದನ್ನು ನೋಡಿಕೊಂಡು ಕೋಷ್ಟಕವನ್ನೇ ತಿದ್ದಿಕೊಳ್ಳುತ್ತದೆ. ‘ಸ್ವಯಂಚಾಲಿತ’ ಎಂದು ಬರೆದರೆ ತಾವು ಸ್ಲೈಡರ್ ಮುಟ್ಟಬಾರದು ಅಂದುಕೊಂಡು ಜನ ಸ್ವಿಚ್ಚನ್ನೇ ಆರಿಸಿಬಿಡುತ್ತಾರೆ. ‘ಹೊಂದಿಕೊಳ್ಳುವ ಬೆಳಕು’ ಎನ್ನಿ. ಕೆಳಗಿನ ವಿವರಣೆ ಹೀಗಿರಲಿ: “ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬೆಳಕು ಏರಿಳಿಯುತ್ತದೆ. ಸ್ಲೈಡರ್ ಎಳೆದು ನಿಮಗೆ ಬೇಕಾದಷ್ಟಕ್ಕೆ ತಿದ್ದಬಹುದು.” ಇಲ್ಲಿ ‘ಹೆಚ್ಚುಕಡಿಮೆಯಾಗುತ್ತದೆ’ ಬರೆಯಬೇಡಿ, ಏನೋ ಎಡವಟ್ಟಾಗುತ್ತದೆ ಎಂದೂ ಅದನ್ನು ಓದಬಹುದು.

ಉತ್ತರ 2

ಮೇಲಿನದಕ್ಕೆ ಒಪ್ಪಿಗೆ. ಸಹಾಯ ಪುಟಕ್ಕೆ ಬೇಕಾಗುವ ಕೆಲವು ಮಾತು ಸೇರಿಸುತ್ತೇನೆ.

‘ಸಂವೇದಕ’ ಬೇಡ, ‘ಸೆನ್ಸರ್’ ಸಾಕು. ಅದು ಎಲ್ಲಿದೆ ಎಂದು ಹೇಳುವುದು ಹೆಚ್ಚು ಮುಖ್ಯ: ಸಾಮಾನ್ಯವಾಗಿ ಮುಂಬದಿಯ ಕ್ಯಾಮೆರಾದ ಪಕ್ಕ, ಗಾಜಿನ ಕೆಳಗೆ. ಕಪ್ಪು ಅಂಚಿನ ಟೆಂಪರ್ಡ್ ಗ್ಲಾಸ್ ಅದನ್ನು ಮುಚ್ಚಿದರೆ ಬಿಸಿಲಲ್ಲೂ ಪರದೆ ಮಂಕಾಗಿಯೇ ಉಳಿಯುತ್ತದೆ. ಅಡ್ಡ ಹಿಡಿದು ವಿಡಿಯೋ ನೋಡುವಾಗ ಕೈ ಅಡ್ಡ ಬಂದರೂ ಅದೇ ಪಾಡು. ‘ಸೆನ್ಸರ್ ಮೇಲೆ ಏನೂ ಅಡ್ಡವಿರದಂತೆ ನೋಡಿಕೊಳ್ಳಿ’ ಎಂಬ ಸಾಲು ಖಂಡಿತ ಬೇಕು.

‘ತಕ್ಷಣ’ ಎಂಬ ಪದ ಎಲ್ಲೂ ಬರಬಾರದು. ಆಂಡ್ರಾಯ್ಡ್‌ನ ಮೂಲ ಕೋಡ್‌ನಲ್ಲಿ ಬೆಳಕು ಏರಿದ್ದು 4 ಸೆಕೆಂಡ್ ನಿಂತರೆ ಮಾತ್ರ ಪರದೆ ಬೆಳಗುತ್ತದೆ, ಇಳಿದದ್ದು 8 ಸೆಕೆಂಡ್ ನಿಂತರೆ ಮಂಕಾಗುತ್ತದೆ. ಏರಿಕೆ 10%, ಇಳಿಕೆ 20% ದಾಟಬೇಕು. ತಯಾರಕರು ಇವನ್ನು ಬದಲಿಸಿಕೊಳ್ಳಬಹುದು. ರಾತ್ರಿ ಬಸ್ಸಿನಲ್ಲಿ ಹೋಗುವಾಗ ಬೀದಿದೀಪ ಬಂದಾಗಲೆಲ್ಲ ಪರದೆ ಕುಣಿಯದಿರಲಿ ಎಂದೇ ಈ ತಡ. ‘ಸ್ವಲ್ಪ ಹೊತ್ತಿನಲ್ಲಿ’ ಎಂದರೆ ನಿಜಕ್ಕೆ ಹತ್ತಿರ.

ಚಿತ್ರದ ಕಪ್ಪುಬಿಳುಪು ನೋಡಿ ಬ್ಯಾಕ್‌ಲೈಟ್ ಬದಲಿಸುವ ಸೌಲಭ್ಯ ಬೇರೆಯೇ ಇದೆ, ಸುತ್ತಲಿನ ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ. ಅದಕ್ಕೆ ‘ಚಿತ್ರಕ್ಕೆ ತಕ್ಕ ಬೆಳಕು’ ಎಂದಿಡಿ. ರಾತ್ರಿ ಪರದೆಯನ್ನು ಹಳದಿಗೆ ತಿರುಗಿಸುವುದು ಬಣ್ಣದ ವಿಷಯ, ಆ ಹೆಸರಿನಲ್ಲಿ ‘ಹೊಂದಿಕೊಳ್ಳುವ’ ಸೇರಿಸಬೇಡಿ.

ಸೆಟಿಂಗ್ಸ್ ಹುಡುಕಾಟದ ಕೀವರ್ಡ್‌ಗಳಿಗೆ ಪ್ರತ್ಯೇಕ ಸಾಲು ಇರುತ್ತದೆ. ಅದರಲ್ಲಿ ಬ್ರೈಟ್‌ನೆಸ್, ಪ್ರಖರತೆ, ಹೊಳಪು, ಮಂಕು ಎಲ್ಲವನ್ನೂ ತುಂಬಿ. ಪುಟದಲ್ಲಿ ‘ಪರದೆಯ ಬೆಳಕು’ ಎಂದಿದ್ದರೂ ಹುಡುಕುವವರು ಹೆಚ್ಚಾಗಿ ಟೈಪ್ ಮಾಡುವುದು ಬ್ರೈಟ್‌ನೆಸ್ ಎಂದೇ.