ಮಕ್ಕಳಿಗೆ ಸರಿಯಾದ ಅಳತೆಯ ಶೂ: ಮಕ್ಕಳ ಫಿಸಿಯೋಥೆರಪಿಸ್ಟ್ ಜೊತೆ ಪ್ರಶ್ನೋತ್ತರ

ಶಾಲೆ ಶುರುವಾಗುವ ಹೊತ್ತು. ಈ ವಾರ ಗುಂಪಿನಲ್ಲಿ ಶೂ ಬಗ್ಗೆಯೇ ಜಾಸ್ತಿ ಪ್ರಶ್ನೆ ಬಂದಿವೆ. ದಾವಣಗೆರೆಯಲ್ಲಿ ಮಕ್ಕಳಿಗೆ ಚಿಕಿತ್ಸೆ ಕೊಡುವ ಫಿಸಿಯೋಥೆರಪಿಸ್ಟ್ ಒಬ್ಬರು ಉತ್ತರ ಕೊಡಲು ಒಪ್ಪಿದ್ದಾರೆ. ಮಗುವಿನ ವಯಸ್ಸು ಬರೆದು ಪ್ರಶ್ನೆ ಕೇಳಿ.

ಪ್ರಶ್ನೆ (ನಿಟ್ಟುವಳ್ಳಿಯ ತಾಯಿ): ಮೇಡಂ, ಮಗಳಿಗೆ ನಾಲ್ಕೂವರೆ ವರ್ಷ, ಈ ಸಲ ಯುಕೆಜಿ. ಹೋದ ವರ್ಷ ಮೇ ಕೊನೆಯಲ್ಲಿ ಮಂಡಿಪೇಟೆ ಕಡೆಯ ಅಂಗಡಿಯಿಂದ ಕಪ್ಪು ಶೂ ತಂದೆವು. ದೀಪಾವಳಿ ಹೊತ್ತಿಗೆ ಬೆರಳ ತುದಿ ಕೆಂಪಾಗತೊಡಗಿತು. ಅವಳು ಮಾತ್ರ ನೋವು ಅಂತ ಒಂದು ದಿನವೂ ಹೇಳಲಿಲ್ಲ. ಆಮೇಲೆ 9ನೇ ನಂಬರ್ ತಂದೆವು. ಅದೂ ಈಗ ಬಿಗಿ ಆದ ಹಾಗಿದೆ. ನಮ್ಮ ಅತ್ತೆ, "ಎರಡು ನಂಬರ್ ದೊಡ್ಡದು ತಗೊಂಡು ಮುಂದೆ ಹತ್ತಿ ತುರುಕು, ವರ್ಷ ಪೂರ್ತಿ ಬರುತ್ತೆ" ಅಂತಾರೆ. ಹಾಗೆ ಮಾಡಬಹುದಾ?

ಉತ್ತರ: ಅತ್ತೆಯವರ ಚಿಂತೆ ನನಗೆ ಅರ್ಥವಾಗುತ್ತದೆ. ಶೂ ಬೆಲೆ ಕಡಿಮೆಯೇನಿಲ್ಲ. ಆದರೆ ಎರಡು ನಂಬರ್ ದೊಡ್ಡದು ಬೇಡ.

ಮೂರರಿಂದ ಐದು ವರ್ಷದ ಮಕ್ಕಳ ಪಾದ ತಿಂಗಳಿಗೆ ಸುಮಾರು 1 ಮಿ.ಮೀ. ಉದ್ದವಾಗುತ್ತದೆ. ಮೂರಕ್ಕಿಂತ ಚಿಕ್ಕವರದ್ದು ಇನ್ನೂ ಬೇಗ, ತಿಂಗಳಿಗೆ 1.5 ಮಿ.ಮೀ. ಹತ್ತಿರ. ಮೇ ಕೊನೆಯಿಂದ ದೀಪಾವಳಿಗೆ ಐದಾರು ತಿಂಗಳು, ಅಂದರೆ ಐದಾರು ಮಿ.ಮೀ. ಕೊಳ್ಳುವಾಗಲೇ ಮುಂದೆ ಅಷ್ಟು ಮಾತ್ರ ಜಾಗ ಇದ್ದಿದ್ದರೆ ದೀಪಾವಳಿಗೆ ಮುಗಿದುಹೋಗಲೇಬೇಕು. ನಿಮ್ಮ ಮಗಳು ವಿಪರೀತ ಬೆಳೆದಿಲ್ಲ. ಶೂ ಮೊದಲೇ ಚಿಕ್ಕದಿತ್ತು.

ಅವಳು ಯಾಕೆ ಹೇಳಲಿಲ್ಲ ಅನ್ನೋದು ಮುಖ್ಯ. ಈ ವಯಸ್ಸಿನಲ್ಲಿ ಪಾದದ ಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಎಷ್ಟೋ ಕಡೆ ಮೆತ್ತಗಿನ ಮೃದು ಎಲುಬೇ ಇರುತ್ತದೆ, ಮೇಲೆ ಕೊಬ್ಬಿನ ಪದರ. ಬಿಗಿ ಶೂ ಒಳಗೆ ಬೆರಳುಗಳು ಸುಮ್ನೆ ಮಡಚಿಕೊಳ್ಳುತ್ತವೆ. ದೊಡ್ಡವರಾದರೆ ಅರ್ಧ ಗಂಟೆಯಲ್ಲಿ ಬಿಚ್ಚಿ ಎಸೆಯುವ ಶೂ ಹಾಕಿಕೊಂಡು ಮಗು ದಿನವಿಡೀ ಆಡುತ್ತದೆ. ಹಾಗಾಗಿ "ಸರಿ ಇದೆಯಾ ಪುಟ್ಟಿ?" ಅಂತ ಅಂಗಡಿಯಲ್ಲಿ ಕೇಳಿದರೆ ಪ್ರಯೋಜನ ಇಲ್ಲ. ಬಣ್ಣ ಇಷ್ಟವಾದರೆ ಸರಿ ಇದೆ ಅಂತಲೇ ಹೇಳುತ್ತಾಳೆ. ಅಳತೆ ನಾವೇ ನೋಡಬೇಕು.

ದೊಡ್ಡ ಶೂ ತೊಂದರೆ ಬೇರೆ ಥರ. ಒಳಗೆ ಪಾದ ಮುಂದೆ ಜಾರುತ್ತದೆ. ಅದನ್ನು ಹಿಡಿದುಕೊಳ್ಳಲು ಮಗು ಪ್ರತಿ ಹೆಜ್ಜೆಗೂ ಬೆರಳು ಬಿಗಿ ಮಾಡುತ್ತದೆ. ಹಿಮ್ಮಡಿ ಮೇಲೆ ಕೆಳಗೆ ಉಜ್ಜಿ ಬೊಬ್ಬೆ ಬರುತ್ತದೆ, ಓಡುವಾಗ ಎಡವುತ್ತದೆ. ಶೂ ಮಡಚುವ ಜಾಗವೂ ಬೆರಳುಗಳ ಬುಡಕ್ಕೆ ಹೊಂದುವುದಿಲ್ಲ. ಹತ್ತಿ ತುರುಕಿದರೆ ಇದ್ಯಾವುದೂ ಸರಿಯಾಗುವುದಿಲ್ಲ. ಬೆರಳಿಗೆ ಬೇಕಾದ ಜಾಗವನ್ನೇ ಅದು ತುಂಬಿಬಿಡುತ್ತದೆ.

ಇವತ್ತು ಸಂಜೆ ಒಂದು ಕೆಲಸ ಮಾಡಿ. ದಿನವಿಡೀ ಓಡಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಅದಕ್ಕೇ ಸಂಜೆ. ಗೋಡೆಗೆ ತಾಗಿಸಿ ನೆಲದ ಮೇಲೆ ಒಂದು ಹಾಳೆ ಇಡಿ. ಮಗಳನ್ನು ಬರಿಗಾಲಲ್ಲಿ, ಹಿಮ್ಮಡಿ ಗೋಡೆಗೆ ತಾಗುವಂತೆ ನೆಟ್ಟಗೆ ನಿಲ್ಲಿಸಿ. ಕೂರಿಸಿ ಅಳೆಯಬೇಡಿ, ಭಾರ ಬಿದ್ದಾಗ ಪಾದ ಉದ್ದವಾಗುತ್ತದೆ. ಎಲ್ಲಕ್ಕಿಂತ ಮುಂದಿರುವ ಬೆರಳಿನ ತುದಿಗೆ ಗುರುತು ಹಾಕಿ. ಕೆಲವರಿಗೆ ಅದು ಹೆಬ್ಬೆರಳಲ್ಲ, ಪಕ್ಕದ ಬೆರಳು. ಎರಡೂ ಪಾದ ಅಳೆಯಿರಿ. ಸಾಧ್ಯವಾದರೆ ಈಗಿನ ಶೂ ಒಳಗಿನ ಉದ್ದವನ್ನೂ ನೋಡಿ. ನಂಬರುಗಳನ್ನು ಇಲ್ಲಿ ಹಾಕಿ.

ಅದೇ ತಾಯಿ: ಅಳೆದೆ ಮೇಡಂ. ಎಡಗಾಲು 16.2 ಸೆಂ.ಮೀ., ಬಲಗಾಲು 16.5. ಶೂ ಒಳಗಿನ ಹಾಸು ಎದ್ದು ಬಂತು, ಅದರ ಉದ್ದ 16.8.

ಉತ್ತರ: ಬಲಗಾಲಿನ ಮುಂದೆ ಉಳಿದಿರುವುದು 3 ಮಿ.ಮೀ. ಮಾತ್ರ. ನಡೆಯುವಾಗ ಪಾದ ಮುಂದೆ ಸರಿಯುತ್ತದೆ, ಆಗ ಬೆರಳು ಶೂಗೆ ಗುದ್ದುತ್ತದೆ. ಆ ಶೂ ಇನ್ನು ಬೇಡ.

ಹೊಸ ಶೂನಲ್ಲಿ ದೊಡ್ಡ ಪಾದದ ಮುಂದೆ 10ರಿಂದ 12 ಮಿ.ಮೀ. ಜಾಗ ಇರಬೇಕು. ಅಂದರೆ ನಿಮಗೆ ಬೇಕಾದ ಒಳ ಉದ್ದ 17.5ರಿಂದ 17.7 ಸೆಂ.ಮೀ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಬ್ರಿಟಿಷ್ ನಂಬರಿನಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೇ ಒಂದು ಭಾಗ, ಸುಮಾರು 8.5 ಮಿ.ಮೀ. ಅದೇ ಕಂಪನಿಯ 10ನೇ ನಂಬರ್ ತೆಗೆದುಕೊಂಡರೆ ಹೆಚ್ಚುಕಡಿಮೆ 17.6 ಬರುತ್ತದೆ. ಒಂದೇ ನಂಬರ್ ಸಾಕು. ಎರಡು ನಂಬರ್ ದಾಟಿದ್ದರೆ ಮುಂದೆ ಎರಡು ಸೆಂ.ಮೀ. ಖಾಲಿ ಇರುತ್ತಿತ್ತು.

ಆದರೆ ಬೇರೆ ಕಂಪನಿಯದ್ದಾದರೆ 10 ಅನ್ನೋದನ್ನು ನಂಬಬೇಡಿ. ಒಂದೇ ನಂಬರ್ ಬರೆದಿರುವ ಎರಡು ಕಂಪನಿಯ ಶೂ ಒಳಗೆ ಬೇರೆ ಬೇರೆ ಉದ್ದ ಇರುತ್ತವೆ. 26, 27 ಅಂತ ಇದ್ದರೆ ಅದು ಯುರೋಪಿನ ನಂಬರ್, ಅದರಲ್ಲಿ ಅಂತರ 6.7 ಮಿ.ಮೀ. ಮಕ್ಕಳ ಬ್ರಿಟಿಷ್ ನಂಬರ್ 13ರ ನಂತರ ಮತ್ತೆ 1ರಿಂದ ಶುರುವಾಗುತ್ತದೆ, ಅದೂ ನೆನಪಿರಲಿ.

ಅಂಗಡಿಗೆ ಹೋಗುವಾಗ ಒಂದು ರಟ್ಟಿನ ಪಟ್ಟಿ ಕತ್ತರಿಸಿಕೊಂಡು ಹೋಗಿ. ಎರಡು ಬೆರಳು ಅಗಲ, 17.5 ಸೆಂ.ಮೀ. ಉದ್ದ. ಕಪ್ಪು ಶಾಲಾ ಶೂಗಳಲ್ಲಿ ಒಳಹಾಸು ಅಂಟಿಸಿರುವುದೇ ಜಾಸ್ತಿ, ತೆಗೆದು ನೋಡಲು ಆಗುವುದಿಲ್ಲ. ಪಟ್ಟಿಯನ್ನು ಶೂ ಒಳಗೆ ಇಳಿಸಿ. ಮಡಚಿಕೊಳ್ಳದೆ ನೆಟ್ಟಗೆ ಕೂತರೆ ಉದ್ದ ಸಾಕು. ಹಿಂದೆ ಅರ್ಧ ಸೆಂ.ಮೀ.ಗಿಂತ ಜಾಸ್ತಿ ಜಾಗ ಉಳಿದರೆ ದೊಡ್ಡದಾಯ್ತು. ಅಂಗಡಿಯವರು ಹೆಬ್ಬೆರಳಿನಿಂದ ಮುಂದೆ ಒತ್ತಿ "ಜಾಗ ಇದೆ ನೋಡಿ" ಅಂತಾರಲ್ಲ, ಆಗ ಮಗು ಬೆರಳು ಒಳಗೆ ಎಳೆದುಕೊಳ್ಳುತ್ತದೆ. ಅದನ್ನು ನಂಬಲು ಆಗುವುದಿಲ್ಲ. ಶಾಲೆಗೆ ಹಾಕುವ ಸಾಕ್ಸ್ ಹಾಕಿಸಿ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆಸಿ, ಹಿಮ್ಮಡಿ ಹೊರಗೆ ಬರುತ್ತದಾ ನೋಡಿ. ಶೂವನ್ನು ಕೈಯಲ್ಲಿ ಬಾಗಿಸಿ. ಬೆರಳುಗಳ ಬುಡದ ಜಾಗದಲ್ಲಿ ಸುಲಭವಾಗಿ ಬಾಗಬೇಕು, ನಡುವೆ ಮಡಚಬಾರದು. ಹಿಮ್ಮಡಿಯ ಭಾಗ ಒತ್ತಿದರೆ ಗಟ್ಟಿಯಾಗಿರಬೇಕು.

ಮೇ ಕೊನೆಯ ವಾರದ ನೂಕುನುಗ್ಗಲಲ್ಲಿ ಇಷ್ಟೆಲ್ಲ ನೋಡಲು ಅಂಗಡಿಯವರಿಗೆ ಪುರುಸೊತ್ತು ಇರುವುದಿಲ್ಲ. ವಾರದ ನಡುವಿನ ಒಂದು ಸಂಜೆ ಹೋಗಿ.

ವರ್ಷಕ್ಕೆ ಒಂದೇ ಜೊತೆ ಅನ್ನೋ ಆಸೆಯನ್ನು ಈ ವಯಸ್ಸಿನಲ್ಲಿ ಬಿಡಬೇಕಾಗುತ್ತದೆ. ಒಂದು ದುಬಾರಿ ಜೊತೆಯ ಬದಲು, ಅಳತೆ ಸರಿಯಿರುವ ಎರಡು ಸಾಧಾರಣ ಜೊತೆ ಎಷ್ಟೋ ಮೇಲು. ದಸರಾ ರಜೆಯಲ್ಲಿ ಒಮ್ಮೆ, ಸಂಕ್ರಾಂತಿ ಹೊತ್ತಿಗೆ ಇನ್ನೊಮ್ಮೆ ಅಳೆಯಿರಿ. ಮುಂದಿನ ಜಾಗ 5 ಮಿ.ಮೀ.ಗೆ ಇಳಿದಾಗ ಹೊಸದು ತನ್ನಿ. ಶನಿವಾರದ ಬಿಳಿ ಕ್ಯಾನ್ವಾಸ್ ಶೂ ಮರೆಯಬೇಡಿ. ವಾರಕ್ಕೆ ಒಂದೇ ದಿನ ಹಾಕುವುದರಿಂದ ಅದು ಹರಿಯುವುದಿಲ್ಲ, ಹೊಸದರಂತೆಯೇ ಕಾಣುತ್ತದೆ. ನನ್ನ ಬಳಿ ಬರುವ ಮಕ್ಕಳಲ್ಲಿ ಅತಿ ಬಿಗಿಯಾಗಿರುವುದು ಅದೇ ಶೂ.

ಪ್ರಶ್ನೆ (ವಿದ್ಯಾನಗರದ ತಂದೆ): ಮಗನಿಗೆ 14 ತಿಂಗಳು, ಈಗ ಗೋಡೆ ಹಿಡಿದು ನಡೆಯುತ್ತಾನೆ. ನೆಂಟರು ಪೀಂ ಪೀಂ ಅನ್ನೋ ಶೂ ತಂದುಕೊಟ್ಟಿದ್ದಾರೆ. ಹಾಕಿದರೆ ನಡಿಗೆ ಬೇಗ ಬರುತ್ತದಾ?

ಉತ್ತರ: ಬರುವುದಿಲ್ಲ. ನಡಿಗೆ ಕಲಿಯಲು ಶೂ ಬೇಡವೇ ಬೇಡ. ಬರಿಗಾಲಲ್ಲಿ ನೆಲ ಮುಟ್ಟಿದಾಗ ಮಗು ಬೆರಳುಗಳಿಂದ ನೆಲ ಹಿಡಿಯುವುದನ್ನು, ತೂಕ ಸರಿದೂಗಿಸುವುದನ್ನು ಕಲಿಯುತ್ತದೆ. ಮನೆಯಲ್ಲಿ ಬರಿಗಾಲಲ್ಲೇ ಬಿಡಿ. ನುಣುಪು ಟೈಲ್ಸ್ ಮೇಲೆ ಬರೀ ಸಾಕ್ಸ್ ಹಾಕಿ ಬಿಡಬೇಡಿ, ಜಾರುತ್ತದೆ.

ಹೊರಗೆ ಮಾತ್ರ ಕಾಲಿಗೆ ರಕ್ಷಣೆ ಬೇಕು. ನಮ್ಮ ಕಡೆ ಏಪ್ರಿಲ್ ಬಿಸಿಲಿನ ನೆಲ, ಬಳ್ಳಾರಿ ಜಾಲಿ ಮುಳ್ಳು, ಮಣ್ಣಿನಿಂದ ಪಾದದ ಚರ್ಮದ ಮೂಲಕ ಒಳಹೋಗುವ ಕೊಕ್ಕೆಹುಳು, ಇವೆಲ್ಲ ಇವೆ. ಸ್ವಂತವಾಗಿ ಹೊರಗೆ ನಡೆಯತೊಡಗಿದ ಮೇಲೆ ಮೆತ್ತನೆಯ, ಹಗುರವಾದ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಸಾಕು. ಪೀಂ ಪೀಂ ಶೂಗಳ ಅಡಿ ಸಾಮಾನ್ಯವಾಗಿ ದಪ್ಪ, ಬಾಗುವುದಿಲ್ಲ. ನೆಂಟರಿಗೆ ಬೇಜಾರಾಗದಂತೆ ಫೋಟೋ ತೆಗೆಯುವಷ್ಟು ಹೊತ್ತು ಹಾಕಿ, ಆಮೇಲೆ ಬಿಚ್ಚಿ.

ಪ್ರಶ್ನೆ (ಚಿತ್ರದುರ್ಗದಿಂದ): ಐದು ವರ್ಷದ ಮಗನ ಪಾದ ಚಪ್ಪಟೆ. ಒದ್ದೆ ಕಾಲಿಟ್ಟರೆ ಪೂರ್ತಿ ಗುರುತು ಬೀಳುತ್ತದೆ. ಅಂಗಡಿಯೊಂದರಲ್ಲಿ, "ಮೆಡಿಕಲ್ ಶೂ ಹಾಕದಿದ್ದರೆ ಮುಂದೆ ಕಷ್ಟ" ಅಂದರು. ಹೆದರಿಕೆ ಆಗಿದೆ.

ಉತ್ತರ: ಹೆದರಬೇಡಿ. ಚಿಕ್ಕ ಮಕ್ಕಳ ಪಾದದ ಅಡಿ ಕೊಬ್ಬಿನ ಮೆತ್ತೆ ಇರುತ್ತದೆ, ಪಾದದ ಒಳಬದಿ ಮೇಲಕ್ಕೆ ಬಾಗಿರುವ ಕಮಾನು ನಿಧಾನವಾಗಿ ಮೂಡುತ್ತದೆ. ಐದು ವರ್ಷಕ್ಕೆ ಚಪ್ಪಟೆ ಕಾಣುವುದು ತುಂಬಾ ಸಾಮಾನ್ಯ. ಅವನನ್ನು ತುದಿಗಾಲಲ್ಲಿ ನಿಲ್ಲಿಸಿ, ಹಿಂದಿನಿಂದ ನೋಡಿ. ಆಗ ಕಮಾನು ಕಂಡರೆ, ನೋವು ಇಲ್ಲದಿದ್ದರೆ, ಯಾವ ವಿಶೇಷ ಶೂ ಕೂಡ ಬೇಡ. ಅದನ್ನು ಹಾಕಿದ್ದರಿಂದ ಕಮಾನು ಬೇಗ ಬರುತ್ತದೆ ಅನ್ನೋದಕ್ಕೆ ಆಧಾರ ಇಲ್ಲ.

ನಮ್ಮ ರಾಜ್ಯದಲ್ಲೇ ಆದ ಕೆಲಸ ಒಂದಿದೆ. ಮಣಿಪಾಲದ ಮೂಳೆ ತಜ್ಞರಾದ ರಾವ್ ಮತ್ತು ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ನೋಡಿ 1992ರಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ಶೇಕಡ 8.6, ಬರಿಗಾಲಲ್ಲಿ ಓಡಾಡುವವರಲ್ಲಿ ಶೇಕಡ 2.8. ಅದರಲ್ಲೂ ಮುಂದೆ ಮುಚ್ಚಿದ ಶೂ ಹಾಕುವವರಲ್ಲಿ ಜಾಸ್ತಿ, ಚಪ್ಪಲಿ, ಸ್ಯಾಂಡಲ್ ಹಾಕುವವರಲ್ಲಿ ಅದಕ್ಕಿಂತ ಕಡಿಮೆ. ಶಾಲೆಯಿಂದ ಬಂದ ತಕ್ಷಣ ಶೂ ಬಿಚ್ಚಿಸಿ ಆಡಲು ಬಿಡಿ ಅಂತ ನಾನು ಎಲ್ಲರಿಗೂ ಹೇಳುವುದಕ್ಕೆ ಇದೂ ಒಂದು ಕಾರಣ.

ವೈದ್ಯರಿಗೆ ತೋರಿಸಲೇಬೇಕಾದ ಸಂದರ್ಭಗಳೂ ಇವೆ. ತುದಿಗಾಲಲ್ಲಿ ನಿಂತರೂ ಕಮಾನು ಕಾಣದಿರುವುದು, ಒಂದೇ ಪಾದ ಚಪ್ಪಟೆ ಇರುವುದು, ಪಾದ ಬಿಗಿಯಾಗಿ ಅತ್ತಿತ್ತ ಆಡದಿರುವುದು, ನೋವು ಅಥವಾ ಕುಂಟುವುದು. ಇವುಗಳಲ್ಲಿ ಯಾವುದೇ ಒಂದು ಕಂಡರೂ ಜಿಲ್ಲಾ ಆಸ್ಪತ್ರೆಯ ಮೂಳೆ ವಿಭಾಗಕ್ಕೆ ಹೋಗಿ.

ಪ್ರಶ್ನೆ (ಹರಿಹರದ ತಾಯಿ): ಅಕ್ಕನ ಮಗನ ಶೂ ನನ್ನ ಮಗನಿಗೆ ಹಾಕಬಹುದಾ? ಇನ್ನೊಂದು, ಇವನ ಪಾದ ಅಗಲ. ಉದ್ದ ಸರಿಯಾದರೆ ಪಕ್ಕದಲ್ಲಿ ಬಿಗಿ.

ಉತ್ತರ: ಮದುವೆ, ಹಬ್ಬಕ್ಕೆ ನಾಲ್ಕು ಸಲ ಹಾಕಿದ ಶೂ ಆದರೆ ಖಂಡಿತ ಹಾಕಿ. ದಿನಾ ಹಾಕಿ ಅಡಿ ಒಂದು ಕಡೆ ಸವೆದಿದ್ದರೆ, ಒಳಹಾಸಿನಲ್ಲಿ ಬೆರಳಿನ ಗುಂಡಿ ಬಿದ್ದಿದ್ದರೆ ಬೇಡ. ಅದು ಆ ಹುಡುಗನ ಪಾದಕ್ಕೆ ಹೊಂದಿಕೊಂಡ ಶೂ.

ಅಗಲದ ತೊಂದರೆ ನಿಮ್ಮೊಬ್ಬರದ್ದಲ್ಲ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಪಾದ ಅಳೆದಿತ್ತು. ಭಾರತೀಯರ ಪಾದ ಯುರೋಪ್, ಅಮೆರಿಕದವರಿಗಿಂತ ಅಗಲ ಅಂತ ಕಂಡುಬಂತು. ನಮ್ಮದೇ ಅಳತೆಯ ಪಟ್ಟಿ ಬೇಕು ಅಂತ "ಭಾ" ಹೆಸರಿನ ಪದ್ಧತಿ ಸಿದ್ಧಪಡಿಸಿದ್ದೂ ಅದಕ್ಕೇ.

ಅಗಲ ಸಾಲದು ಅಂತ ಉದ್ದದ ನಂಬರ್ ಏರಿಸಬೇಡಿ. ಮುಂಭಾಗ ದುಂಡಗೆ, ಅಗಲವಾಗಿರುವ ಮಾದರಿ ಹುಡುಕಿ. ಲೇಸ್ ಅಥವಾ ಅಂಟುಪಟ್ಟಿ ಇದ್ದರೆ ಮೇಲಿನ ಬಿಗಿ ಹೊಂದಿಸಬಹುದು. ಸಾಕ್ಸ್ ಕೂಡ ನೋಡಿ. ಚಿಕ್ಕದಾದ ನೈಲಾನ್ ಸಾಕ್ಸ್ ಬೆರಳುಗಳನ್ನು ಶೂ ಹಾಗೆಯೇ ಹಿಂಡುತ್ತದೆ, ಬೆವರಿಗೆ ತುರಿಕೆಯೂ ಬರುತ್ತದೆ. ಹತ್ತಿಯದ್ದು ತನ್ನಿ.

ಪ್ರಶ್ನೆ (ಜಗಳೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಶಿಕ್ಷಕಿ): ವಿದ್ಯಾವಿಕಾಸ ಯೋಜನೆಯಲ್ಲಿ ಮಕ್ಕಳಿಗೆ ಒಂದು ಜೊತೆ ಶೂ, ಎರಡು ಜೊತೆ ಸಾಕ್ಸ್ ಕೊಡುತ್ತೇವೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೂಲಕ ನಾವೇ ಖರೀದಿ ಮಾಡಬೇಕು. ತರಗತಿ ನೋಡಿ ಅಂದಾಜಿನ ನಂಬರ್ ಬರೆದುಕೊಟ್ಟರೆ ಅರ್ಧ ಮಕ್ಕಳಿಗೆ ಹೊಂದುವುದಿಲ್ಲ. ಒಬ್ಬೊಬ್ಬರನ್ನೂ ಅಂಗಡಿಗೆ ಕರೆದೊಯ್ಯಲು ಆಗಲ್ಲ. ಏನು ಮಾಡೋಣ?

ಉತ್ತರ: ನೀವು ಕೇಳಿದ್ದು ತುಂಬಾ ಸಂತೋಷ ಆಯ್ತು. ಒಂದೇ ತರಗತಿಯ ಮಕ್ಕಳ ಪಾದದಲ್ಲಿ ಎರಡು ಮೂರು ನಂಬರ್ ವ್ಯತ್ಯಾಸ ಇರುತ್ತದೆ, ಹಾಗಾಗಿ ತರಗತಿ ನೋಡಿ ನಂಬರ್ ಹೇಳಲು ಆಗುವುದೇ ಇಲ್ಲ.

ದೊಡ್ಡ ರಟ್ಟಿನ ಮೇಲೆ 14ರಿಂದ 26 ಸೆಂ.ಮೀ. ತನಕ ಅರ್ಧ ಸೆಂ.ಮೀ.ಗೆ ಒಂದರಂತೆ ಗೆರೆ ಎಳೆಯಿರಿ. ಸೊನ್ನೆಯ ಕಡೆ ಗೋಡೆಗೆ ತಾಗಿಸಿ ನೆಲಕ್ಕೆ ಅಂಟಿಸಿ. ಮಧ್ಯಾಹ್ನದ ಊಟ ಆದ ಮೇಲೆ ಮಕ್ಕಳನ್ನು ಬರಿಗಾಲಲ್ಲಿ ಸಾಲಾಗಿ ನಿಲ್ಲಿಸಿ. ದೊಡ್ಡ ತರಗತಿಯ ಇಬ್ಬರು ಮಕ್ಕಳು ಅಳತೆ ಓದಲಿ, ಒಬ್ಬರು ಬರೆದುಕೊಳ್ಳಲಿ. ಎರಡೂ ಪಾದ ನೋಡಿ ದೊಡ್ಡದನ್ನು ಬರೆಯಿರಿ. ಅದಕ್ಕೆ 1.2 ಸೆಂ.ಮೀ. ಸೇರಿಸಿ. ಅಂಗಡಿಯವರಿಗೆ ನಂಬರಿನ ಪಟ್ಟಿ ಕೊಡಬೇಡಿ, ಈ ಸೆಂ.ಮೀ. ಪಟ್ಟಿ ಕೊಟ್ಟು "ಒಳ ಉದ್ದ ಇಷ್ಟಿರಬೇಕು" ಅನ್ನಿ. ಮೊದಲು ಪ್ರತಿ ನಂಬರಿನ ಒಂದೊಂದು ಮಾದರಿ ತರಿಸಿ, ಶಾಲೆಯಲ್ಲೇ ಕೆಲವು ಮಕ್ಕಳಿಗೆ ಹಾಕಿ ನೋಡಿ, ಆಮೇಲೆ ಪೂರ್ತಿ ಆರ್ಡರ್ ಕೊಡಿ. ಹೊಂದದಿದ್ದರೆ ಬದಲಿಸಿಕೊಡುವ ಮಾತನ್ನು ಮೊದಲೇ ಬರೆಸಿಕೊಳ್ಳಿ. ಅಳೆದು ತಿಂಗಳುಗಟ್ಟಲೆ ಬಿಟ್ಟು ಖರೀದಿ ಮಾಡುವುದಾದರೆ ಮತ್ತೆ ಅಳೆಯಬೇಕಾಗುತ್ತದೆ.

ಶಿಕ್ಷಕಿ: ಒಂದು, ಎರಡನೇ ತರಗತಿಯವರಿಗೆ ಲೇಸ್ ಕಟ್ಟಲು ಬರಲ್ಲ. ಶೂ ತುಳಿದುಕೊಂಡೇ ಓಡಾಡುತ್ತಾರೆ.

ಉತ್ತರ: ಅವರಿಗೆ ಅಂಟುಪಟ್ಟಿಯದ್ದೇ ತರಿಸಿ. ಹಿಮ್ಮಡಿ ತುಳಿದು ಮಡಚಿಹೋದ ಶೂನಲ್ಲಿ ಪಾದಕ್ಕೆ ಹಿಡಿತ ಸಿಗುವುದಿಲ್ಲ. ಹಾಕಿಕೊಳ್ಳುವಾಗ ಹಿಮ್ಮಡಿಯನ್ನು ನೆಲಕ್ಕೆ ಎರಡು ಸಲ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಪಟ್ಟಿ ಎಳೆದು ಅಂಟಿಸಲು ಹೇಳಿಕೊಡಿ. ಒಂದು ವಾರದಲ್ಲಿ ತಾವೇ ಮಾಡಿಕೊಳ್ಳುತ್ತಾರೆ.