ಪೋರ್ಟಿಕೋದ ಪ್ಲೈವುಡ್ ತೆಗೆದು ಸಿಮೆಂಟ್ ಬೋರ್ಡ್ ಹಾಕಲು ಏನೇನು, ಎಷ್ಟೆಷ್ಟು ತರಬೇಕು?

ಬಳ್ಳಾರಿ ಮನೆ:
ಪೋರ್ಟಿಕೋದ ಎರಡು ಕಡೆ ಹೊದಿಸಿದ ಪ್ಲೈವುಡ್ ಕೆಳಗಿನ ಅಂಚಿನಲ್ಲಿ ಉಬ್ಬಿ ಪದರು ಬಿಟ್ಟಿದೆ. ಮರದ ರೀಪರಿಗೆ ಗೆದ್ದಲು ಹತ್ತಿದ್ದರಿಂದ ಫ್ರೇಮೂ ಹೊಸದೇ ಆಗಬೇಕು. ಪಶ್ಚಿಮಕ್ಕೆ 16 ಅಡಿ, ದಕ್ಷಿಣಕ್ಕೆ 8 ಅಡಿ, ನೆಲದಿಂದ ಸ್ಲ್ಯಾಬಿಗೆ 8 ಅಡಿ. ಪಶ್ಚಿಮದ ನಡುವೆ 4×4 ಕಿಟಕಿ. ಕೆಲಸ ಶುರುವಾದ ಮೇಲೆ ಅಂಗಡಿಗೆ ಓಡಾಡುವಂತಾಗಬಾರದು. ಒಂದು ಮೂಲೆಯಲ್ಲಿ ಬೂದು ಬಣ್ಣದ ಹಳೇ ಚಪ್ಪಟೆ ಶೀಟೂ ಇದೆ, ಅದನ್ನು ಹೇಗೆ ತೆಗೆಯೋದು?

ರಾಯಚೂರು ಫ್ಯಾಬ್ರಿಕೇಶನ್:
10 ಎಂಎಂ ಬೋರ್ಡ್ ತಗೊಳ್ರಿ. 6 ಎಂಎಂ ಒಳಗಿನ ಪಾರ್ಟಿಷನ್‌ಗೆ ನಡೀತದ, ಹೊರಗ ಬೈಕಿನ ಹ್ಯಾಂಡಲ್ ಬಡಿದರ ಸೀಳ್ತದ. 8×4 ಬೋರ್ಡ್ ಉದ್ದಕ್ಕ ನಿಲ್ಲಿಸಿದರ ಪಶ್ಚಿಮಕ್ಕ 4, ದಕ್ಷಿಣಕ್ಕ 2, ಒಂದು ಹೆಚ್ಚಿಗಿ ಸೇರಿ 7. ಕಿಟಕಿ ಲೆಕ್ಕ ಕಳೀಬ್ಯಾಡ್ರಿ, ಬೋರ್ಡ್ ಇಡೀದೇ ಬೇಕು.

ಫ್ರೇಮಿಗೆ 50×50 ಎಂಎಂ, 2 ಎಂಎಂ ದಪ್ಪದ ಜಿಐ (ಸತು ಬಳಿದ ಉಕ್ಕಿನ) ಪೈಪ್. 40ರ ಪೈಪ್ ಬ್ಯಾಡ ಅನ್ನೋದಕ್ಕ ಕಾರಣ ಅದ: ಜಾಯಿಂಟಿನಲ್ಲಿ ಒಂದೇ ಪೈಪಿನ ಮ್ಯಾಲೆ ಎರಡು ಬೋರ್ಡಿನ ಅಂಚು ಕೂಡ್ತಾವ, ನಡುವ 5 ಎಂಎಂ ಸಂದಿ, ಸ್ಕ್ರೂ ಅಂಚಿನಿಂದ 12 ಎಂಎಂ ಒಳಗ. 40ರಾಗ ಸ್ವಲ್ಪ ಸರಿದರೂ ಅಂಚು ಒಡೀತದ.

ಎರಡು ಅಡಿಗೊಂದು ನಿಲುವು ಪೈಪ್: 9 ಮತ್ತು 5, ಒಟ್ಟು 14. 20 ಅಡಿ ಪೈಪಿಗೆ ಎರಡು ನಿಲುವು ಬರ್ತಾವ, 7 ಪೈಪ್ ಬೇಕು. ಮ್ಯಾಲಿನ, ಕೆಳಗಿನ ಅಡ್ಡಪಟ್ಟಿಗೆ 3. ನಿಲುವಿನಿಂದ ಉಳಿದ 4 ಅಡಿ ತುಂಡು ಏಳು ಇರ್ತಾವಲ್ಲ, ಐದು ನಡುವಿನ ಅಡ್ಡಕ್ಕ, ಎರಡು ಕಿಟಕಿಯ ಮ್ಯಾಲೆ ಕೆಳಗ. ಹಿಂಗಾಗಿ 10 ಸಾಕು, 11 ತನ್ನಿ.

ನೆಲಕ್ಕ, ಸ್ಲ್ಯಾಬಿಗೆ ಎರಡು ಅಡಿಗೊಂದು 8 ಎಂಎಂ ಆಂಕರ್ ಬೋಲ್ಟ್: 28, ಅಂದರ 30. ವೆಲ್ಡ್ ಆದ ಜಾಗದಾಗ ಸತು ಸುಟ್ಟು ಹೋಗಿರ್ತದ, ಅಲ್ಲಿ ಬ್ರಶ್ ಹೊಡೆದು ಝಿಂಕ್ ರಿಚ್ ಪೇಂಟ್ ಹಚ್ರಿ. ತುಕ್ಕು ಮೊದಲು ಹಿಡಿಯೋದು ಅಲ್ಲೇ.

ಕೊಪ್ಪಳ ಸೈಟ್:
ಮೇಲಿನ ಲೆಕ್ಕ ಸರಿ ಇದೆ. ಸ್ಕ್ರೂ: 32 ಎಂಎಂ, ಕೌಂಟರ್‌ಸಂಕ್ (ಬೋರ್ಡಿನ ಮಟ್ಟಕ್ಕೆ ಒಳಗೆ ಕೂರುವ) ತಲೆಯ, ರೆಕ್ಕೆ ಇರುವ ಸೆಲ್ಫ್ ಡ್ರಿಲ್ಲಿಂಗ್. ಅಂಚಿಗೆ 8 ಇಂಚಿಗೊಂದು, ನಡುವೆ 12 ಇಂಚಿಗೊಂದು. ಬೋರ್ಡಿಗೆ ಸುಮಾರು 43, ಒಟ್ಟು 300 ತರಿಸಿ.

ನನ್ನ ಮುಖ್ಯ ಮಾತು ಅಂಚಿನ ಬಗ್ಗೆ. ಬೋರ್ಡ್ ನೀರು ಹೀರುವುದು ಕತ್ತರಿಸಿದ ಅಂಚಿನಿಂದ. ಹಚ್ಚುವ ಮೊದಲೇ ಹಿಂದೆ, ಮುಂದೆ, ನಾಲ್ಕೂ ಅಂಚಿಗೆ ಕ್ಷಾರ ತಡೆಯುವ ಪ್ರೈಮರ್ ಕುಡಿಸಿ. ಗೋಡೆಗೆ ಕೂಡಿಸಿದ ಮೇಲೆ ಹಿಂಬದಿಗೆ ಕೈ ಹೋಗಲ್ಲ. ಎರಡೂ ಮುಖ ಸೇರಿ 384 ಚದರಡಿ, 4 ಲೀಟರ್ ಪ್ರೈಮರ್. ಹೊರಮುಖಕ್ಕೆ ಎರಡು ಕೋಟ್ ಎಕ್ಸ್‌ಟೀರಿಯರ್ ಎಮಲ್ಷನ್ 4 ಲೀಟರ್. ಕೆಳಗೆ 2 ಇಂಚು ಕತ್ತರಿಸಿ ನೆಲ ಬಿಟ್ಟು ನಿಲ್ಲಿಸಿ; ಅಂಗಳ ತೊಳೆದ ನೀರು ತಾಗಿದ್ದಕ್ಕೇ ನಿಮ್ಮ ಪ್ಲೈವುಡ್ ಉಬ್ಬಿರೋದು.

ಕಿಟಕಿಯ ಮೂಲೆಗೆ ಜಾಯಿಂಟ್ ಬರಕೂಡದು. ನಡುವಿನ ಎರಡು ಬೋರ್ಡಿನಿಂದ ತಲಾ 2 ಅಡಿ ಕತ್ತರಿಸಿ. ಒಳಮೂಲೆಯಲ್ಲಿ ಮೊದಲು 12 ಎಂಎಂ ತೂತು ಕೊರೆದು ಅಲ್ಲಿಗೆ ಬ್ಲೇಡ್ ನಿಲ್ಲಿಸಿ. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಓಡುತ್ತದೆ.

ಸಂದಿಗೆ ಮೊದಲು ಬ್ಯಾಕರ್ ರಾಡ್ (ಫೋಮ್‌ನ ಹುರಿ), ಮೇಲೆ ಪಿಯು (ಪಾಲಿಯುರೆಥೇನ್) ಸೀಲೆಂಟ್. ಸಿಲಿಕಾನ್ ಬೇಡ, ಅದರ ಮೇಲೆ ಬಣ್ಣ ಹಿಡಿಯಲ್ಲ. ಜಾಯಿಂಟು, ಕಿಟಕಿ ಸುತ್ತು ಸೇರಿ 22 ಮೀಟರ್, 5×5 ಎಂಎಂಗೆ 550 ಎಂಎಲ್ ಹಿಡಿಯುತ್ತದೆ. 600 ಎಂಎಲ್‌ನ ಎರಡು ಸಾಸೇಜ್ (ಸೀಲೆಂಟಿನ ಉದ್ದನೆಯ ಪ್ಯಾಕ್) ಇರಲಿ. ಏಪ್ರಿಲ್-ಮೇ ಬಿಸಿಲಲ್ಲಿ ಪಶ್ಚಿಮದ ಗೋಡೆಯನ್ನು ಬೆಳಿಗ್ಗೆಯೇ ಮುಗಿಸಿ. ಮಧ್ಯಾಹ್ನ ಸೀಲೆಂಟ್ ಒತ್ತಿ ನಯ ಮಾಡುವಷ್ಟರಲ್ಲೇ ಚರ್ಮ ಕಟ್ಟುತ್ತದೆ. ಅದಿರಿನ ಕೆಂಪು ಧೂಳು ಬರುವ ಕಡೆ ಬಣ್ಣದ ಪ್ರತಿ ಕೋಟ್‌ಗೂ ಮುಂಚೆ ಒರೆಸಿ.

ಬಳ್ಳಾರಿ ಮನೆ:
ತುಂಬಾ ಥ್ಯಾಂಕ್ಸ್ ಸರ್. ಬೋರ್ಡ್ ಮೊದಲೇ ತಂದಿಟ್ಟುಕೊಂಡರೆ ನಡೆಯುತ್ತಾ?

ಕೊಪ್ಪಳ ಸೈಟ್:
ನಡೆಯುತ್ತೆ. ಒಂದೊಂದೂ ಸುಮಾರು 40 ಕೆಜಿ, ಇಬ್ಬರು ಅಂಚಿನ ಮೇಲೆ ನಿಲ್ಲಿಸಿ ಹಿಡಿಯಬೇಕು. ಅಡ್ಡ ಹಿಡಿದರೆ ನಡುವೆ ಬಗ್ಗಿ ಮುರಿಯುತ್ತದೆ. ಗೋಡೆಗೆ ಒರಗಿಸಬೇಡಿ. ಎರಡು ಅಡಿಗೊಂದು ರೀಪರ್ ಇಟ್ಟು ಮಲಗಿಸಿ, ಮೇಲೆ ತಾಡಪತ್ರಿ. ನೆನೆದ ಬೋರ್ಡ್ ಹಚ್ಚಿದರೆ ಒಣಗುವಾಗ ಕುಗ್ಗಿ ಸ್ಕ್ರೂ ಹತ್ತಿರ ಸೀಳುತ್ತದೆ.

ರಾಯಚೂರು ಫ್ಯಾಬ್ರಿಕೇಶನ್:
ಬೂದು ಶೀಟ್ ಕಲ್ನಾರಿಂದು (ಆಸ್ಬೆಸ್ಟಾಸ್) ಅಂತಲೇ ತಿಳೀರಿ. ಗ್ರೈಂಡರ್, ಸುತ್ತಿಗಿ ತಾಗಿಸಬ್ಯಾಡ್ರಿ. ನೀರು ಚಿಮುಕಿಸಿ, ಪಿ100 ಫಿಲ್ಟರಿನ ಮಾಸ್ಕ್ ಹಾಕಿ (ಕಲ್ನಾರಿಗೆ ಎನ್95 ಸಾಲೂದಿಲ್ಲ), ಬೋಲ್ಟ್ ಬಿಚ್ಚಿ ಇಡೀ ಶೀಟೇ ಇಳಿಸಿ ದಪ್ಪ ಪ್ಲಾಸ್ಟಿಕ್‌ನ್ಯಾಗ ಸುತ್ರಿ. ಪೊರಕಿ ಹಚ್ಚದೆ ಒದ್ದಿ ಬಟ್ಟಿಲೆ ಒರಸ್ರಿ. ಹೊಸ ಬೋರ್ಡ್ ಕೊಯ್ಯುವಾಗ ಏಳೋ ಧೂಳೂ ಎದಿಗೆ ಕೆಟ್ಟದ್ದೇ, ಮಾಸ್ಕ್ ಅವಾಗೂ ಇರ್ಲಿ.

ಇನ್ನೊಂದು, ನಿಮ್ಮದು ಎರಿ ಭೂಮಿ ಆಗಿದ್ದು ಪೋರ್ಟಿಕೋದ ತಳಪಾಯ ಮನಿಯಿಂದ ಬ್ಯಾರೆ ಇದ್ದರ, ಮಳಿಗಾಲದಾಗ ಅದು ಏರಿಳೀತದ. ಮನಿ ಗೋಡಿಗೆ ಫ್ರೇಮ್ ಬೋಲ್ಟ್ ಮಾಡಬ್ಯಾಡ್ರಿ, 10 ಎಂಎಂ ಸಂದಿ ಬಿಟ್ಟು ಸೀಲೆಂಟ್ ತುಂಬ್ರಿ. ಆ ಸಂದಿಗೆ ಮೂರನೇ ಸಾಸೇಜ್ ತರಬೇಕಾಗ್ತದ.