ಟಿರ್ಜೆಪಟೈಡ್ ಕರ್ವ್ ಬಲಕ್ಕೆ ಜಾರ್ತಿದೆ, ಪೆಪ್ಟೈಡೇ ಹಾಳಾಗಿದ್ಯಾ?

ಪಿಪೆಟ್_ಪುಟ್ಟ: ಮೂರು ವಾರದಿಂದ ತಲೆ ಕೆಟ್ಟೋಗಿದೆ. ಟೆಸ್ಟ್ ಮಾಡ್ತಿರೋದು ಟಿರ್ಜೆಪಟೈಡ್, ಅದೇ ಶುಗರ್‌ಗೆ, ತೂಕ ಇಳಿಸೋಕೆ ಕೊಡೋ ಪೆಪ್ಟೈಡ್ ಔಷಧಿ, ಜಿಎಲ್‌ಪಿ-1, ಜಿಐಪಿ ಅನ್ನೋ ಎರಡು ಹಾರ್ಮೋನ್‌ಗಳ ರಿಸೆಪ್ಟರ್ ಮೇಲೂ ಕೆಲಸ ಮಾಡುತ್ತೆ. ಹೆಕ್ 293 ಸೆಲ್ಸ್ (ಲ್ಯಾಬಲ್ಲಿ ಬೆಳೆಸೋ ಮನುಷ್ಯರ ಸೆಲ್ಸ್), ಒಂದು ಲೈನಲ್ಲಿ ಮನುಷ್ಯರ ಜಿಎಲ್‌ಪಿ-1 ರಿಸೆಪ್ಟರ್, ಇನ್ನೊಂದ್ರಲ್ಲಿ ಜಿಐಪಿ ರಿಸೆಪ್ಟರ್, ಅಳೆಯೋದು ಸೈಕ್ಲಿಕ್ ಎಎಂಪಿ (ರಿಸೆಪ್ಟರ್ ಆನ್ ಆದ್ರೆ ಸೆಲ್ ಒಳಗೆ ಏರೋ ಸಿಗ್ನಲ್). ಮಾಮೂಲಿ ಹಾರ್ಮೋನ್ (ಮೈಯಲ್ಲಿರೋ ಜಿಎಲ್‌ಪಿ-1, ಜಿಐಪಿ) ಹಾಕಿದ್ರೆ ಕರ್ವ್ ಎಲ್ಲಿ ಬರ್ಬೇಕೋ ಅಲ್ಲೇ ಬರುತ್ತೆ, ಟಿರ್ಜೆಪಟೈಡ್ ಹಾಕಿದ್ರೆ ಮಾತ್ರ ಎರಡೂ ಕಡೆ ಬಲಕ್ಕೆ ಓಡುತ್ತೆ, ಅಂದ್ರೆ ಅದೇ ಎಫೆಕ್ಟ್‌ಗೆ ಜಾಸ್ತಿ ಡೋಸ್ ಬೇಕಾಗುತ್ತೆ, ಜಿಐಪಿ ಕಡೆ ಒಂದೂವರೆ ಲಾಗ್ (ಸುಮಾರು 30 ಪಟ್ಟು), ಜಿಎಲ್‌ಪಿ-1 ಕಡೆ ಇನ್ನೂ ಜಾಸ್ತಿ. ಹೊಸ ವಯಲ್ ತೆಗೆದೆ, ಅದೂ ಅಷ್ಟೇ. ಗೈಡ್ ಅಂತೂ ನಿನ್ ಪಿಪೆಟಿಂಗೇ ಸರಿಯಿಲ್ಲ ಅಂತಾರೆ.

ಬಫರ್_ಅಕ್ಕ: ಪಿಪೆಟಿಂಗ್ ಕೆಟ್ಟಿದ್ರೆ ಮಾಮೂಲಿ ಹಾರ್ಮೋನ್ ಕರ್ವೂ ಕೆಡ್ಬೇಕಿತ್ತಲ್ವೇನೋ ಪುಟ್ಟ. ಬಫರಲ್ಲಿ ಏನೇನಿದೆ, ಪೂರ್ತಿ ಬರಿ.

ಪಿಪೆಟ್_ಪುಟ್ಟ: ಎಚ್‌ಬಿಎಸ್‌ಎಸ್ (ಉಪ್ಪಿನ ದ್ರಾವಣ), ಹೆಪೆಸ್ (ಪಿಎಚ್ ಹಿಡಿದಿಡೋಕೆ), ಐಬಿಎಂಎಕ್ಸ್ (ಸೈಕ್ಲಿಕ್ ಎಎಂಪಿ ಒಡೆಯದ ಹಾಗೆ), 0.1% ಬಿಎಸ್‌ಎ (ಹಸುವಿನ ಆಲ್ಬುಮಿನ್ ಪ್ರೋಟೀನ್). ಹಳೇ ಸೀನಿಯರ್ ಬಿಟ್ಟೋದ ಪ್ರೋಟೋಕಾಲ್ ಅಕ್ಕ, ನಾನು ಏನೂ ಮುಟ್ಟಿಲ್ಲ.

ಬಫರ್_ಅಕ್ಕ: ಸಿಕ್ಕಿಬಿದ್ದ ನೋಡು ಕಳ್ಳ. 0.1% ಅಂದ್ರೆ ಮಿಲಿಗೆ 1 ಮಿಲಿಗ್ರಾಂ, ಆಲ್ಬುಮಿನ್ ಸುಮಾರು 66 ಕಿಲೋಡಾಲ್ಟನ್, ಅಲ್ಲಿಗೆ ಹತ್ರ ಹತ್ರ 15 ಮೈಕ್ರೋಮೋಲಾರ್ ಆಲ್ಬುಮಿನ್ ಆಯ್ತು, ನೀನು ಹಾಕ್ತಿರೋ ಪೆಪ್ಟೈಡ್ ನ್ಯಾನೋಮೋಲಾರ್! ಟಿರ್ಜೆಪಟೈಡ್ 39 ಅಮೈನೋ ಆಸಿಡ್‌ಗಳ ಸರ, ಅದರ 20ನೇ ಜಾಗದ ಲೈಸಿನ್‌ಗೆ 20 ಕಾರ್ಬನ್‌ನ ಫ್ಯಾಟಿ ಡೈಆಸಿಡ್ ಬಾಲ ಕಟ್ಟಿದಾರೆ. ಆ ಬಾಲ ಇರೋದೇ ಆಲ್ಬುಮಿನ್‌ಗೆ ಅಂಟ್ಕೊಳ್ಳೋಕೆ, ಅದಕ್ಕೇ ಮೈಯಲ್ಲಿ ಹಾಫ್‌ಲೈಫ್ ಸುಮಾರು 5 ದಿನ, ವಾರಕ್ಕೊಂದು ಇಂಜೆಕ್ಷನ್ ಸಾಕು. ನಿನ್ನ ಬಫರಲ್ಲೂ ಅದು ಆಲ್ಬುಮಿನ್‌ಗೇ ಅಂಟ್ಕೊಂಡು ರಿಸೆಪ್ಟರ್‌ಗೆ ಸಿಗೋದು ಸ್ವಲ್ಪವೇ. ಮಾಮೂಲಿ ಹಾರ್ಮೋನ್‌ಗೆ ಬಾಲ ಇಲ್ಲ, ಹಾಗಾಗಿ ಅದಕ್ಕೆ ಏನೂ ಆಗ್ತಿಲ್ಲ.

ಕರಾವಳಿ_ಕೆಮಿಸ್ಟ್: ಹಾಗಂತ ಬಿಎಸ್‌ಎ ತೆಗ್ದು ಸುಮ್ನಿರ್ಬೇಡಿ ಮಾರಾಯ್ರೆ, ಪ್ರೋಟೀನೇ ಇಲ್ದಿದ್ರೆ ಪೆಪ್ಟೈಡ್ ಪ್ಲಾಸ್ಟಿಕ್‌ಗೆ ಅಂಟಿ ಕೊನೇ ಡೈಲ್ಯೂಷನ್‌ಗಳಲ್ಲಿ ಏನೂ ಉಳಿಯುದಿಲ್ಲ. ಕೇಸಿನ್ (ಹಾಲಿನ ಪ್ರೋಟೀನ್) ಹಾಕಿ, ಲೋ ಬೈಂಡ್ ಟ್ಯೂಬ್ (ಪೆಪ್ಟೈಡ್ ಅಷ್ಟಾಗಿ ಅಂಟದ ಟ್ಯೂಬ್) ತಗೊಳ್ಳಿ. ಸೆಲ್ಸ್ ಮೇಲಿನ ಸೀರಮ್ಮೂ ತೊಳೀರಿ, ಅದ್ರಲ್ಲೂ ಆಲ್ಬುಮಿನ್ನೇ ತುಂಬಿರುದು.

ಪಿಪೆಟ್_ಪುಟ್ಟ: ಅಕ್ಕ ಕಾಲಿಗೆ ಬಿದ್ದೆ!! ಬಿಎಸ್‌ಎ ತೆಗ್ದು ಕೇಸಿನ್ ಹಾಕ್ದೆ, ನಿನ್ನೆ ರಾತ್ರಿ ಪ್ಲೇಟ್ ರೀಡರ್ ಮುಂದೆ ಕೂತು ನೋಡ್ತಿದ್ರೆ ಜಿಐಪಿ ಕರ್ವ್ ಮಾಮೂಲಿ ಜಿಐಪಿ ಮೇಲೇ ಕೂತ್ಬಿಡ್ತು. ಆದ್ರೆ ಜಿಎಲ್‌ಪಿ-1 ಕಡೆ ಎಡಕ್ಕೆ ಬಂತು, ಪೂರ್ತಿ ಬರ್ಲಿಲ್ಲ, ಮಾಮೂಲಿ ಜಿಎಲ್‌ಪಿ-1ಗಿಂತ ಇನ್ನೂ ಬಲಕ್ಕೇ ಇದೆ. ಇನ್ನೂ ಆಲ್ಬುಮಿನ್ ಉಳಿದಿದ್ಯಾ?

ಬಫರ್_ಅಕ್ಕ: ಉಳಿದಿದ್ರೆ ಜಿಐಪಿ ಕಡೆನೂ ಜಾರ್ತಿತ್ತು. ಇದು ಆ ಅಣುವಿನ ಗುಣ ಕಣೋ, ರಿಪೇರಿ ಮಾಡೋಕ್ ಹೋಗ್ಬೇಡ. ಎರಡೂ ರಿಸೆಪ್ಟರ್‌ಗೆ ಸಮ ಅಲ್ಲ ಅದು, ಜಿಐಪಿ ಕಡೆ ವಾಲಿದೆ, ಜಿಎಲ್‌ಪಿ-1 ರಿಸೆಪ್ಟರ್‌ಗೆ ಅದರ ಹಿಡಿತ ಮಾಮೂಲಿ ಹಾರ್ಮೋನ್‌ಗಿಂತ ಸುಮಾರು 5 ಪಟ್ಟು ಕಮ್ಮಿ. ಅಲ್ಲಿ ಸೈಕ್ಲಿಕ್ ಎಎಂಪಿ ಮಾಡಿಸುತ್ತೆ, ಬೀಟಾ-ಅರೆಸ್ಟಿನ್ (ರಿಸೆಪ್ಟರ್‌ನ ಸುಮ್ನಾಗಿಸಿ ಸೆಲ್ ಒಳಗೆ ಎಳೆಸೋ ಪ್ರೋಟೀನ್) ಕರೆಯೋದು ತೀರಾ ಕಮ್ಮಿ, ಹಾಗಾಗಿ ರಿಸೆಪ್ಟರ್ ಒಳಗೆ ಎಳ್ಕೊಳ್ಳೋದೂ ಕಮ್ಮಿ. 2020ರಲ್ಲೇ ಪೇಪರ್ ಬಂದಿದೆ, ಗೈಡ್ ಟೇಬಲ್ ಮೇಲೆ ಪ್ರಿಂಟ್ ಇಟ್ಟು ಬಾ.

ಕರಾವಳಿ_ಕೆಮಿಸ್ಟ್: ಮುಂದೆ ಮೌಸ್ ಸೆಲ್ಸಿಗೆ ಹೋಗುದಾದ್ರೆ ಮೊದ್ಲೇ ಹೇಳ್ತೇನೆ, ಮೌಸ್ ಜಿಐಪಿ ರಿಸೆಪ್ಟರ್ ಮೇಲೆ ಇದು ತುಂಬಾ ವೀಕ್. ಆಗ ಪುನಃ ವಯಲ್‌ಗೆ ಬೈಬೇಡಿ.

ಪಿಪೆಟ್_ಪುಟ್ಟ: ಅಯ್ಯೋ, ಮುಂದಿನ ತಿಂಗಳು ಅದೇ ಪ್ಲಾನ್ ಇತ್ತು. ಇರ್ಲಿ, ಸದ್ಯಕ್ಕೆ ಒಂದು ಡೌಟು: ಕೇಸಿನ್ ಕರಗ್ದೆ ಗಂಟು ಗಂಟಾಗಿ 0.22 ಮೈಕ್ರಾನ್ ಫಿಲ್ಟರ್ ಎರಡು ಕಟ್ಕೊಂಡ್ತು, ನೀವೆಲ್ಲ ಹೆಂಗೆ ಕರಗಿಸ್ತೀರಾ?